ಎರಡು ವರ್ಷ ಟ್ರೆಡ್‌ಮಿಲ್ ಮೇಲೆ ಎಚ್‌ಐಐಟಿ: ಸ್ಪೀಡ್ ಅಲ್ಲ, ಇನ್‌ಕ್ಲೈನ್ ನೋಡಿ ತಗೊಳ್ಳಿ

ಮನೆಯಲ್ಲಿ ಮೋಟಾರ್ ಟ್ರೆಡ್‌ಮಿಲ್ ಇಟ್ಟುಕೊಂಡು ಎರಡು ವರ್ಷ ದಾಟಿತು. ನಾನು ಇದನ್ನು ಬಳಸುವುದು ಹೆಚ್ಚಾಗಿ ಎಚ್‌ಐಐಟಿಗೆ, ಅಂದರೆ ಹೈ ಇಂಟೆನ್ಸಿಟಿ ಇಂಟರ್ವಲ್ ಟ್ರೈನಿಂಗ್‌ಗೆ. ಸ್ವಲ್ಪ ಹೊತ್ತು ಏದುಸಿರು ಬರುವಷ್ಟು ಜೋರು, ಆಮೇಲೆ ನಿಧಾನ, ಮತ್ತೆ ಜೋರು. ಆ ಕೆಲಸಕ್ಕೆ ಈ ಮೆಷಿನ್ ಆಗುತ್ತದಾ ಅಂದರೆ, ಆಗುತ್ತದೆ. ಆದರೆ ಡಬ್ಬದ ಮೇಲಿನ ಗರಿಷ್ಠ ಸ್ಪೀಡ್ ನೋಡಿ ಕೊಂಡವರಿಗೆ ನಿರಾಸೆ ಖಂಡಿತ.

ದೊಡ್ಡ ತಕರಾರು ಬೆಲ್ಟ್‌ನ ಸೋಮಾರಿತನದ್ದು. ಗಂಟೆಗೆ 6 ಕಿ.ಮೀ.ನಿಂದ 14ಕ್ಕೆ ಬಟನ್ ಒತ್ತಿದರೆ, ನನ್ನ ಮೆಷಿನ್ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸುಮಾರು 20 ಸೆಕೆಂಡ್ ಆಗಿರುತ್ತದೆ. ಇಳಿಯುವಾಗಲೂ ಹೆಚ್ಚುಕಡಿಮೆ ಅಷ್ಟೇ. ಮೇಲಿರುವವರು ಮುಗ್ಗರಿಸಬಾರದು ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ಈಗ ತಬಾಟಾ ಅನ್ನುವ ಎಚ್‌ಐಐಟಿ ಪದ್ಧತಿಯ ಲೆಕ್ಕ ಹಾಕಿ. 20 ಸೆಕೆಂಡ್ ಜೋರು, 10 ಸೆಕೆಂಡ್ ಬಿಡುವು. ಬೆಲ್ಟ್ ವೇಗಕ್ಕೆ ಬರುವ ಹೊತ್ತಿಗೆ ಸುತ್ತೇ ಮುಗಿದಿರುತ್ತದೆ! ಅಂದಹಾಗೆ, ಜಪಾನಿನ ಇಜುಮಿ ತಬಾಟಾ ತಂಡ 1996ರಲ್ಲಿ ಪ್ರಕಟಿಸಿದ, ಈ ಪದ್ಧತಿಯ ಮೂಲ ಪ್ರಯೋಗ ನಡೆದದ್ದೇ ವ್ಯಾಯಾಮದ ಸೈಕಲ್ ಮೇಲೆ. ಅಲ್ಲಿ ಪೆಡಲ್ ಬಿಟ್ಟರೆ ಬಿಡುವು ಸಿಕ್ಕಿತು. ಇಲ್ಲಿ ಬೆಲ್ಟ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ.

ಇದಕ್ಕೆ ಕೆಲವರು ಅಕ್ಕಪಕ್ಕದ ಪಟ್ಟಿ ಮೇಲೆ ಹಾರಿ ನಿಂತು, ಬಿಡುವು ಮುಗಿದ ಮೇಲೆ ಓಡುತ್ತಿರುವ ಬೆಲ್ಟ್‌ಗೇ ಮತ್ತೆ ಇಳಿಯುತ್ತಾರೆ. ಸುಸ್ತಾದ ಕಾಲಲ್ಲಿ ಆ ಸರ್ಕಸ್ ನನಗಂತೂ ಬೇಡಪ್ಪ.

ಸುತ್ತು ಉದ್ದವಾದರೆ ಕಥೆ ಪೂರ್ತಿ ಬೇರೆ. ನಾರ್ವೆಯಿಂದ ಬಂದ 4×4 ಪದ್ಧತಿಯಲ್ಲಿ 4 ನಿಮಿಷ ಜೋರು, 3 ನಿಮಿಷ ನಿಧಾನ, ಹೀಗೆ 4 ಸಲ. ಜೋರಿನ ಹೊತ್ತಲ್ಲಿ ಹೃದಯ ಬಡಿತ ಗರಿಷ್ಠದ ಶೇ. 90ರಿಂದ 95ಕ್ಕೆ ಏರಬೇಕು. 4 ನಿಮಿಷದಲ್ಲಿ ಬೆಲ್ಟ್‌ನ 20 ಸೆಕೆಂಡ್ ಯಾವ ಲೆಕ್ಕ? ರಸ್ತೆಯಲ್ಲಾದರೆ ಮೂರನೇ ನಿಮಿಷಕ್ಕೆ ಗೊತ್ತಿಲ್ಲದಂತೆ ಕಾಲು ನಿಧಾನವಾಗುತ್ತದೆ. ಬೆಲ್ಟ್ ಆ ಕಳ್ಳಾಟಕ್ಕೆ ಬಿಡುವುದಿಲ್ಲ.

ಇನ್ನು ಇನ್‌ಕ್ಲೈನ್, ಅಂದರೆ ಬೆಲ್ಟ್‌ನ ಮುಂಭಾಗ ಎತ್ತಿ ಏರು ಮಾಡುವ ಸೌಲಭ್ಯ. ನನ್ನ ಮಟ್ಟಿಗೆ ಈ ಮೆಷಿನ್‌ನ ಜೀವ ಇರುವುದೇ ಇಲ್ಲಿ. ಶೇ. 12 ಏರಿನಲ್ಲಿ ಗಂಟೆಗೆ 6 ಕಿ.ಮೀ. ನಡೆದರೆ ದೇಹಕ್ಕೆ ಬೇಕಾಗುವ ಆಮ್ಲಜನಕ, ವ್ಯಾಯಾಮ ತಜ್ಞರು ಬಳಸುವ ಸೂತ್ರದ ಪ್ರಕಾರ, ಸಮತಟ್ಟಿನಲ್ಲಿ ಸುಮಾರು 9.5 ಕಿ.ಮೀ. ವೇಗದಲ್ಲಿ ಓಡಿದಷ್ಟೇ. ಅದೇ 6ರಲ್ಲಿ ಸಮತಟ್ಟಾಗಿ ನಡೆಯುವುದಕ್ಕೆ ಹೋಲಿಸಿದರೆ ಎರಡೂವರೆ ಪಟ್ಟು ಜಾಸ್ತಿ. ಓಡುವುದಿಲ್ಲವಾದ್ದರಿಂದ ಮಂಡಿಗೆ ಧಪಧಪ ಏಟು ಬೀಳುವುದಿಲ್ಲ. ಕೆಳಗಿನ ಮನೆಯವರಿಗೂ ನೆಮ್ಮದಿ. ಆಸ್ಪತ್ರೆಯ ಟಿಎಂಟಿಯಲ್ಲೂ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಇದೇ ಉಪಾಯ ಅಲ್ವಾ? ಅಲ್ಲಿ ಸಾಮಾನ್ಯವಾಗಿ ಬಳಸುವ ಬ್ರೂಸ್ ಪದ್ಧತಿ ಶುರುವಾಗುವುದೇ ಶೇ. 10 ಏರಿನಲ್ಲಿ, ಬರೀ 2.7 ಕಿ.ಮೀ. ಸ್ಪೀಡ್‌ನಲ್ಲಿ. ಆಮೇಲೆ 3 ನಿಮಿಷಕ್ಕೊಮ್ಮೆ ಎರಡನ್ನೂ ಏರಿಸುತ್ತಾ ಹೋಗುತ್ತಾರೆ.

ಇನ್‌ಕ್ಲೈನ್ ಮೋಟಾರ್ ಕೂಡ ನಿಧಾನವೇ. ಅದಕ್ಕೆ ನಾನು ಏರನ್ನು ಒಂದೇ ಕಡೆ ಬಿಟ್ಟು, ಸ್ಪೀಡನ್ನು ಮಾತ್ರ 3.5 ಮತ್ತು 6ರ ನಡುವೆ ಬದಲಿಸುತ್ತೇನೆ. ಅಂತರ ಕಡಿಮೆ, ಹಾಗಾಗಿ ಬೆಲ್ಟ್ ಬೇಗ ಮಾತು ಕೇಳುತ್ತದೆ. ಒಂದು ನಿಮಿಷದ ಸುತ್ತುಗಳೂ ಹೀಗೆ ಸಲೀಸು. ಆದರೆ ಮುಂದಿನ ಹಿಡಿಕೆಗೆ ಜೋತುಬಿದ್ದು ನಡೆದರೆ ಮೇಲಿನ ಲೆಕ್ಕವೆಲ್ಲ ಸುಳ್ಳು. ಮೊದಮೊದಲು ಮೀನಖಂಡ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಏರನ್ನು ಮೆಲ್ಲಗೆ ಜಾಸ್ತಿ ಮಾಡಿ.

ಹಿಡಿಕೆಯಲ್ಲಿರುವ ಹೃದಯ ಬಡಿತದ ಸೆನ್ಸರ್ ಸುಮ್ನೆ ಅಲಂಕಾರಕ್ಕೆ. ಎದೆಗೆ ಕಟ್ಟುವ ಪಟ್ಟಿ ತಗೊಳ್ಳಿ. ಟಚ್ ಪ್ಯಾನಲ್ ಇನ್ನೊಂದು ತಲೆನೋವು. ಅದರ ಮೇಲೆ ಬೆವರಿನ ಹನಿ ಬಿದ್ದರೆ ಮೈನಸ್ ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಬೆಲ್ಟ್ ನಿಲ್ಲಿಸುವ ಕೆಂಪು ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳದೆ ನಾನು ಶುರು ಮಾಡುವುದೇ ಇಲ್ಲ.

ಮೊದಲ ವರ್ಷದ ಕೊನೆಗೆ ಬೆಲ್ಟ್ ತಡವರಿಸತೊಡಗಿತು. ಪ್ರತಿ ಹೆಜ್ಜೆ ಬಿದ್ದಾಗ ಕ್ಷಣ ಹಿಡಿದಂತಾಗಿ ಮತ್ತೆ ಜಾರುವುದು, ಜೊತೆಗೆ ಬಿಸಿ ರಬ್ಬರ್ ವಾಸನೆ. ಬಂದ ಸರ್ವೀಸ್ ಹುಡುಗ ನೋಡಿದ ತಕ್ಷಣ ಮೋಟಾರ್ ಬದಲಿಸಬೇಕು ಅಂದ. ಅವನನ್ನು ಕಳಿಸಿ, ಬೆಲ್ಟ್ ಎತ್ತಿ, ಅಡಿಯ ಹಲಗೆಗೆ ಸಿಲಿಕೋನ್ ಎಣ್ಣೆ ಹಾಕಿದೆ. ಸರಿಹೋಯಿತು. ಎಣ್ಣೆ ಒಣಗಿದರೆ ಬೆಲ್ಟ್ ಉಜ್ಜಿ, ಆ ಭಾರವೆಲ್ಲ ಮೋಟಾರ್ ಮೇಲೆ ಬೀಳುತ್ತದೆ. ಪದೇಪದೇ ಸ್ಪೀಡ್ ಏರಿಸಿ ಇಳಿಸುವವರು ಇದನ್ನು ಮರೆಯುವಂತಿಲ್ಲ. ಕೊಳ್ಳುವಾಗಲೂ ಜಾಹೀರಾತಿನ ಪೀಕ್ ಹಾರ್ಸ್‌ಪವರ್ ಬಿಡಿ, ಕಂಟಿನ್ಯುಯಸ್ ಎಷ್ಟು ಅಂತ ಕೇಳಿ. ಪೀಕ್ ಅಂದರೆ ಕ್ಷಣಕಾಲದ್ದು, ಸತತವಾಗಿ ಸಿಗುವುದು ಕಂಟಿನ್ಯುಯಸ್ ಮಾತ್ರ.

5ಕ್ಕೆ 4 ಕೊಡುತ್ತೇನೆ. 20, 30 ಸೆಕೆಂಡ್‌ನ ಓಟವೇ ಬೇಕು ಅನ್ನುವವರು ಸೈಕಲ್ ಕಡೆ ನೋಡಿ, ಇಲ್ಲವೇ ಮೋಟಾರ್ ಇಲ್ಲದ ಬಾಗಿದ ಟ್ರೆಡ್‌ಮಿಲ್ ಕಡೆ. ಅದರ ಬೆಲ್ಟ್ ಕಾಲು ತಳ್ಳಿದಷ್ಟೇ ಓಡುತ್ತದೆ, ಕಾಯಿಸುವುದಿಲ್ಲ. ಮೋಟಾರ್‌ನದ್ದೇ ಸಾಕು ಅನ್ನುವವರು ಅಂಗಡಿಯಲ್ಲೇ ಅದರ ಮೇಲೆ ಹತ್ತಿ, 6ರಿಂದ 12ಕ್ಕೆ ಒತ್ತಿ, ಫೋನಿನಲ್ಲಿ ಸೆಕೆಂಡ್ ಎಣಿಸಿ. ಆಮೇಲೆ ಇನ್‌ಕ್ಲೈನನ್ನು ಪೂರ್ತಿ ಮೇಲಕ್ಕೆ ಬಿಟ್ಟು ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.