ಹೈ-ರೆಸಲ್ಯೂಶನ್ ಲ್ಯಾಪ್‌ಟಾಪ್‌ನಲ್ಲಿ ಗ್ನೋಮ್ ಸ್ಕೇಲಿಂಗ್: ದೀರ್ಘಕಾಲದ ಬಳಕೆಯ ಅನುಭವ

ಹದಿನಾಲ್ಕು ಇಂಚಿನ, 2880×1800 ಪಿಕ್ಸೆಲ್‌ಗಳ ಪರದೆಯುಳ್ಳ ಲ್ಯಾಪ್‌ಟಾಪ್‌ನಲ್ಲಿ ಕೆಲವು ವರ್ಷಗಳಿಂದ ಲಿನಕ್ಸ್ ಮತ್ತು ಅದರ ಗ್ನೋಮ್ ಡೆಸ್ಕ್‌ಟಾಪ್ (ಕಿಟಕಿ, ಮೆನುಗಳನ್ನು ತೋರಿಸುವ ತಂತ್ರಾಂಶ) ಬಳಸುತ್ತಿದ್ದೇನೆ. ಇಂಚಿಗೆ ಸುಮಾರು 243 ಪಿಕ್ಸೆಲ್‌ಗಳಿರುವ ಇಂಥ ಪರದೆಯಲ್ಲಿ ಸ್ಕೇಲ್ (ಅಕ್ಷರ, ಗುಂಡಿಗಳನ್ನು ಎಷ್ಟು ಹಿಗ್ಗಿಸಿ ತೋರಿಸಬೇಕೆಂಬ ಪ್ರಮಾಣ) 100% ಇಟ್ಟರೆ ಮೆನು ಓದಲು ಕಣ್ಣು ಕಿರಿದಾಗಿಸಬೇಕು. 200% ಇಟ್ಟರೆ ಎಲ್ಲವೂ ಸ್ಫುಟವಾಗಿ ಕಾಣುತ್ತದೆ, ಆದರೆ ಕೆಲಸಕ್ಕೆ ದಕ್ಕುವ ಜಾಗ 1440×900ರಷ್ಟಕ್ಕೆ ಇಳಿಯುತ್ತದೆ.

ನಡುವಿನ 150% ಸಹಜವಾಗಿಯೇ ಆಕರ್ಷಕ. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲೇ ಇದನ್ನು ಆರಿಸಿಕೊಳ್ಳಬಹುದು. ಆದರೆ 150%ರಂಥ (ಒಂದೂವರೆ ಪಟ್ಟಿನ) ಭಿನ್ನಾಂಕದ ಸ್ಕೇಲ್ ತಿಳಿಯದ ಅಪ್ಲಿಕೇಶನ್‌ಗಳು ತಮ್ಮ ಕಿಟಕಿಯನ್ನು 200%ರಲ್ಲಿ ಚಿತ್ರಿಸಿ ಕೊಡುತ್ತವೆ, ಅದನ್ನು ಗ್ನೋಮ್ ಕುಗ್ಗಿಸಿ ತೋರಿಸುತ್ತದೆ. ಇದರಿಂದ ಗ್ರಾಫಿಕ್ಸ್ ಚಿಪ್‌ಗೆ ಹೆಚ್ಚುವರಿ ಕೆಲಸ ಬೀಳುತ್ತದೆ. ಎಕ್ಸ್‌ವೇಲ್ಯಾಂಡ್ (ವೇಲ್ಯಾಂಡ್ ಎಂಬ ಹೊಸ ಪ್ರದರ್ಶನ ವ್ಯವಸ್ಥೆಯಲ್ಲಿ ಹಳೆಯವನ್ನು ಓಡಿಸುವ ಸೇತುವೆ) ಮೂಲಕ ಓಡುವ ಹಳೆಯ ತಂತ್ರಾಂಶಗಳ ಸ್ಥಿತಿ ಇನ್ನೂ ಕಷ್ಟ. ಅವು 100%ರಲ್ಲಿ ಚಿತ್ರಿತವಾಗಿ, ಬಳಿಕ ಹಿಗ್ಗುವುದರಿಂದ ಅಕ್ಷರಗಳು ಮಸುಕಾಗುತ್ತವೆ. ಇಂಗ್ಲಿಷನ್ನು ಹೇಗೋ ಓದಿಕೊಳ್ಳಬಹುದು. ಕನ್ನಡದಲ್ಲಿ ‘ರಾಷ್ಟ್ರೀಯ’ ಎಂದು ಬರೆದರೆ ಷಕಾರದ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿ ಮಸಿಯ ಚುಕ್ಕೆಯಂತಾಗುತ್ತವೆ. 2024ರ ಗ್ನೋಮ್ 47ರಲ್ಲಿ ಈ ಸಮಸ್ಯೆಗೆ ಪ್ರಯೋಗದ ಹಂತದ ಪರಿಹಾರವೊಂದು ಬಂತು. ಆ ಆವೃತ್ತಿಯಲ್ಲಿ ಅದನ್ನು ಕಮಾಂಡ್ ಕೊಟ್ಟು ಚಾಲೂ ಮಾಡಬೇಕಿತ್ತು, ಮತ್ತು ಸ್ಕೇಲಿಂಗ್ ಬಲ್ಲ ತಂತ್ರಾಂಶಗಳಿಗೆ ಮಾತ್ರ ಅದರ ಪೂರ್ಣ ಪ್ರಯೋಜನ.

ಲ್ಯಾಪ್‌ಟಾಪ್ ಪರದೆಯೊಂದನ್ನೇ ಬಳಸುವವರಿಗೆ ನಾನು ಸೂಚಿಸುವುದು ಬೇರೆ ದಾರಿ: ಸ್ಕೇಲನ್ನು 200%ರಲ್ಲೇ ಬಿಟ್ಟು, ಗ್ನೋಮ್ ಟ್ವೀಕ್ಸ್ ಎಂಬ ಸೆಟ್ಟಿಂಗ್ಸ್ ತಂತ್ರಾಂಶದ ಫಾಂಟ್ಸ್ ವಿಭಾಗದಲ್ಲಿ ಸ್ಕೇಲಿಂಗ್ ಫ್ಯಾಕ್ಟರನ್ನು 1.00ರಿಂದ 0.85ಕ್ಕೆ ಇಳಿಸುವುದು. ಅಕ್ಷರಗಳು ಚಿಕ್ಕದಾದರೂ ಪಿಕ್ಸೆಲ್‌ಗಳ ಲೆಕ್ಕದಲ್ಲಿಯೇ ಮೂಡುವುದರಿಂದ ನೋಟೊ ಸಾನ್ಸ್ ಕನ್ನಡ ಎಂಬ ಫಾಂಟ್‌ನ ಒತ್ತಕ್ಷರಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಗುಂಡಿಗಳೂ ಐಕಾನ್‌ಗಳೂ ದೊಡ್ಡದಾಗಿಯೇ ಉಳಿಯುತ್ತವೆ, ನಿಜ. ಟಚ್‌ಪ್ಯಾಡ್ ಬಳಸುವಾಗ ಅದೇನೂ ಕೆಟ್ಟದ್ದಲ್ಲ.

ತೊಡಕು ಬರುವುದು ಹೊರಗಿನ ಮಾನಿಟರ್ ಜೋಡಿಸಿದಾಗ. ವೇಲ್ಯಾಂಡ್‌ನಲ್ಲಿ ಪ್ರತಿ ಪರದೆಗೂ ಬೇರೆ ಸ್ಕೇಲ್ ಕೊಡಬಹುದಾದ್ದರಿಂದ 24 ಇಂಚಿನ ಫುಲ್ ಎಚ್‌ಡಿ ಮಾನಿಟರನ್ನು 100%ರಲ್ಲಿ ಇಡಬಹುದು. ಆದರೆ ಫಾಂಟ್‌ನ ಫ್ಯಾಕ್ಟರ್ ಎಲ್ಲ ಪರದೆಗಳಿಗೂ ಒಂದೇ, 0.85 ಅಲ್ಲಿಯೂ ಅನ್ವಯವಾಗಿ, ಇಂಚಿಗೆ 92 ಪಿಕ್ಸೆಲ್‌ಗಳಷ್ಟೇ ಇರುವ ಆ ಪರದೆಯಲ್ಲಿ ಕನ್ನಡ ಓದುವುದು ಶಿಕ್ಷೆಯೇ ಆಗುತ್ತದೆ. ದಿನವೂ ಎರಡು ಪರದೆಗಳಲ್ಲಿ ಕೆಲಸ ಮಾಡುವವರು ಫ್ಯಾಕ್ಟರನ್ನು 1.00ರಲ್ಲೇ ಇಟ್ಟು, ಲ್ಯಾಪ್‌ಟಾಪ್‌ಗೆ 150% ಆರಿಸಿಕೊಂಡು, ಬ್ಯಾಟರಿ ತುಸು ಬೇಗ ಇಳಿಯಬಹುದೆಂಬುದನ್ನು ಒಪ್ಪಿಕೊಳ್ಳುವುದೇ ಲೇಸು.