ಶಾಲಾ ಮೇಳಕ್ಕೆ ಕ್ರಿಸ್‌ಮಸ್ ಗವಿ: ಗೋಣಿಯೋ, ಪೈಪೋ, ಕಾಗದವೋ?

ಯೇಸು ಹುಟ್ಟಿದ ದೃಶ್ಯ ತೋರಿಸುವ ಗೋದಲಿಯನ್ನು ಮಕ್ಕಳು ಹೊರಗೆ ನಿಂತು ನೋಡುತ್ತಾರೆ, ಸಾಂತಾ ತಾತನ ಗವಿಯೊಳಕ್ಕೆ ನುಗ್ಗುತ್ತಾರೆ. ಶಾಲೆಯಲ್ಲಿ ಗವಿ ಕಟ್ಟುವವರು ಮರೆಯುವುದು ಇದನ್ನೇ. ಗೋದಲಿಗೆ ಸಾಕಾಗುವ ಕಾಗದದ ಬಂಡೆ, ಹತ್ತಿಯ ಹಿಮ, ಹುಲ್ಲಿನ ಹಾಸು ಇವನ್ನೇ ದೊಡ್ಡದಾಗಿ ಮಾಡಿ ನಿಲ್ಲಿಸುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಗೋಡೆ ಹರಿದಿರುತ್ತದೆ. ಶಾಲೆಯ ಮಕ್ಕಳೆಲ್ಲ ಗೋಡೆ ಸವರಿ, ಒರಗಿ, ಬೆರಳು ತೂರಿಸಿ ಹೋದ ಮೇಲೂ ನಿಂತಿರುವುದೇ ಗವಿ. ನಮ್ಮ ಹಾಸನ, ಚಿಕ್ಕಮಗಳೂರಿನ ಕಡೆ ಡಿಸೆಂಬರಿನ ಇಬ್ಬನಿಯನ್ನೂ ಅದು ತಡೆದುಕೊಳ್ಳಬೇಕು.

ಕಡಿಮೆ ಖರ್ಚಿನಲ್ಲಿ ಕಟ್ಟಿ ನೋಡಿದ ಮೂರು ಬಗೆಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟಿದ್ದೇವೆ. ಹೋಲಿಕೆ ಸರಿಯಾಗಲೆಂದು ಮೂರಕ್ಕೂ ಒಂದೇ ಗುರಿ: 8 ಅಡಿ ಅಗಲ, 8 ಅಡಿ ಉದ್ದ, ನಡುವೆ ಆರೂವರೆ ಅಡಿ ಎತ್ತರ. ಒಳಗೆ ಹೋಗಲೊಂದು ಬಾಗಿಲು, ಹೊರಬರಲು ಇನ್ನೊಂದು, ತಲಾ 3 ಅಡಿ. ಒಂದೇ ಬಾಗಿಲಿನ ಗವಿ ಕಟ್ಟಲೇಬೇಡಿ. ಒಳಗಿದ್ದವರು ಹೊರಗೆ ಬರುವುದಕ್ಕೂ ಹೊರಗಿದ್ದವರು ಒಳಗೆ ನುಗ್ಗುವುದಕ್ಕೂ ಅಲ್ಲೇ ತಿಕ್ಕಾಟ ಶುರುವಾಗುತ್ತದೆ. ಬೆಂಕಿ ಗಿಂಕಿ ಬಿದ್ದರಂತೂ ಕೇಳುವುದೇ ಬೇಡ.

ಬಿದಿರು ದಬ್ಬೆ, ಹಳೇ ಗೋಣಿ

ಬಯಲಿನಲ್ಲಿ ಕಟ್ಟುವುದಾದರೆ ನಮ್ಮ ಮೊದಲ ಆಯ್ಕೆ ಇದೇ. 20 ಅಡಿ ಉದ್ದದ ದಪ್ಪ ಬಿದಿರು ಮೂರು ಸಾಕು. ಬಿದಿರು ಹಸಿಯಾಗಿರಬೇಕು. ಒಣಗಿದ್ದನ್ನು ಬಾಗಿಸಿದರೆ ಗಿಣ್ಣಿನ ಹತ್ತಿರ ಪಟ್ಟೆಂದು ಸೀಳುತ್ತದೆ. ಒಂದೂವರೆ ಇಂಚು ಅಗಲದ ದಬ್ಬೆಗಳಾಗಿ ಸೀಳಿ, ಎರಡೆರಡನ್ನು ಬೆನ್ನಿಗೆ ಬೆನ್ನು ಜೋಡಿಸಿ ಒಂದೊಂದು ಕಮಾನು ಮಾಡಿ. ಎರಡಡಿಗೊಂದರಂತೆ ಐದು ಕಮಾನು ಬರುತ್ತವೆ. ಎರಡೂ ತುದಿ ಒಂದೂವರೆ ಅಡಿ ನೆಲದೊಳಗೆ ಹೋಗಬೇಕು. ಡಿಸೆಂಬರಿನಲ್ಲಿ ಶಾಲೆಯ ಮೈದಾನ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಹಿಂದಿನ ಸಂಜೆಯೇ ಗುಂಡಿಯ ಜಾಗಕ್ಕೆ ಒಂದೊಂದು ಕೊಡ ನೀರು ಹುಯ್ದಿಟ್ಟರೆ ಬೆಳಗ್ಗೆ ಹಾರೆ ಇಳಿಯುತ್ತದೆ. ಕಮಾನುಗಳ ಮೇಲೆ ಅಡ್ಡಕ್ಕೆ 8 ಅಡಿಯ ಐದು ದಬ್ಬೆ: ನೆತ್ತಿಗೆ ಒಂದು, ಪಕ್ಕಕ್ಕೆ ಎರಡೆರಡು.

ಕಟ್ಟುವುದಕ್ಕೆ ತೆಂಗಿನ ನಾರಿನ ಹಗ್ಗಕ್ಕಿಂತ ಹಳೇ ಸೈಕಲ್ ಟ್ಯೂಬು ಮೇಲು. ಹಸಿ ಬಿದಿರು ಒಣಗುತ್ತಾ ಸಣಕಲಾಗುತ್ತದೆ, ಆಗ ಹಗ್ಗದ ಗಂಟು ಸಡಿಲವಾಗಿ ಕಮಾನು ಜಾರುತ್ತದೆ. ಟ್ಯೂಬನ್ನು ಬೆರಳಗಲ ಪಟ್ಟಿ ಕತ್ತರಿಸಿ ಜಗ್ಗಿ ಸುತ್ತಿದರೆ ಬಿದಿರು ಸಣ್ಣದಾದಷ್ಟೂ ತಾನೂ ಬಿಗಿಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ಮನೆ ಕೊಡುತ್ತಾರೆ. ದಬ್ಬೆಯ ಅಂಚನ್ನು ಮಚ್ಚಿನಿಂದ ಹೆರೆಯದೆ ಬಿಟ್ಟರೆ ಮಕ್ಕಳ ಕೈಗೆ ಸಿಬಿರು ಖಂಡಿತ. ಬಾಗಿಲ ಎರಡೂ ಪಕ್ಕಕ್ಕೆ ಹಳೇ ಬಟ್ಟೆ ಸುತ್ತಿ.

ಗೋಣಿ ಎಷ್ಟು ಬೇಕು? 50 ಕಿಲೋ ಚೀಲದ ಹೊಲಿಗೆ ಬಿಚ್ಚಿ ಹರಡಿದರೆ ಸುಮಾರು 11 ಚದರಡಿ. ಕಮಾನಿನ ಮೈ 17 ಅಡಿ, ಉದ್ದ 8 ಅಡಿ, ಅಂದರೆ 136 ಚದರಡಿ. ಮುಂದೆ ಹಿಂದೆ ಬಾಗಿಲು ಬಿಟ್ಟು ಉಳಿದ ಜಾಗ, ಅಂಚಿನ ಮೇಲಂಚು, ಸುಕ್ಕು ಎಲ್ಲ ಸೇರಿ 20ರಿಂದ 22 ಚೀಲ. ಕಾಫಿ ಕೊಯ್ಲಿನ ಕಾಲವಾದ್ದರಿಂದ ಒಳ್ಳೇ ಚೀಲವನ್ನು ಯಾರೂ ಬಿಡುವುದಿಲ್ಲ. ತೂತು ಬಿದ್ದದ್ದನ್ನೇ ಕೇಳಿ, ತೋಟದಲ್ಲೂ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲೂ ಸಿಗುತ್ತದೆ. ಹಾಸನದ ಕಡೆ ಆಲೂಗಡ್ಡೆ ಗೋಣಿ ಸುಲಭ, ಆದರೆ ಅದರ ನೇಯ್ಗೆ ತೆಳು. ಹಗಲು ಬೆಳಕು ಒಳಗೆ ಸೋಸಿ ಬಂದು ಗವಿಯ ಕತ್ತಲೇ ಇರುವುದಿಲ್ಲ, ಎರಡು ಪದರ ಹಾಕಬೇಕಾಗುತ್ತದೆ. ಗೊಬ್ಬರ ಅಥವಾ ಔಷಧಿ ತುಂಬಿದ್ದ ಚೀಲ ಮಾತ್ರ ಬೇಡವೇ ಬೇಡ.

ಗೋಣಿಯನ್ನು ಚಪ್ಪಟೆಯಾಗಿ ಎಳೆದು ಕಟ್ಟಿದರೆ ಅಡಿಕೆ ಮಂಡಿಯ ಹಿಂಬದಿಯಂತೆ ಕಾಣುತ್ತದೆ. ಒಳಗಿನಿಂದ ಅಲ್ಲಲ್ಲಿ ಚಿವುಟಿ ಹಿಡಿದು ದಾರ ಸುತ್ತಿ, ಹೊರಗೆ ಮಡಿಕೆ ಬರುವಂತೆ ಬಿಡಿ. ಬಣ್ಣಕ್ಕೆ 5 ಕಿಲೋ ಬಿಳಿ ಡಿಸ್ಟೆಂಪರ್, ಅದಕ್ಕೆ ಬೆರೆಸಲು ಒಂದು ಸಣ್ಣ ಬಾಟಲಿ ಕಪ್ಪು ಸ್ಟೇನರ್ (ಬಣ್ಣದ ಸಾರ). ಮೊದಲು ಕಡು ಬೂದು ಬಣ್ಣವನ್ನು ನೀರಾಗಿ ಕಲಸಿ ಇಡೀ ಮೈಗೆ ಹೊಡೆಯಿರಿ. ಒಣಗಿದ ಮೇಲೆ ತಿಳಿ ಬೂದನ್ನು ಗಟ್ಟಿಯಾಗಿ ಕಲಸಿ, ಬ್ರಷ್ಷನ್ನು ಕಾಗದಕ್ಕೆ ಒರೆಸಿ, ಉಬ್ಬಿದ ಮಡಿಕೆಗಳ ಮೇಲೆ ಮಾತ್ರ ಸವರಿ. ಬಂಡೆ ಅನ್ನಿಸುವುದು ಈ ಎರಡನೇ ಕೈಯಲ್ಲಿ. ಸುಣ್ಣ ಅಗ್ಗವೇ, ಆದರೆ ಒರಗಿದವರ ಸಮವಸ್ತ್ರಕ್ಕೆಲ್ಲ ಮೆತ್ತಿಕೊಳ್ಳುತ್ತದೆ.

ಬಣ್ಣಕ್ಕೆ ಮೊದಲು ಇನ್ನೊಂದು ಕೆಲಸವಿದೆ, ಇದನ್ನು ಹಾರಿಸಬೇಡಿ. ಸೆಣಬು ಬಲು ಬೇಗ ಹೊತ್ತಿಕೊಳ್ಳುತ್ತದೆ. 10 ಲೀಟರ್ ಬಿಸಿನೀರಿಗೆ 1 ಕಿಲೋ ಬಿಳಿಗಾರ (ಬೋರಾಕ್ಸ್), 400 ಗ್ರಾಂನಷ್ಟು ಬೋರಿಕ್ ಆಸಿಡ್ ಪುಡಿ ಹಾಕಿ ಕರಗಿಸಿ, ಚೀಲಗಳನ್ನು ಅದ್ದಿ, ಹಿಂಡದೆ ನೀರಿಳಿಯಲು ಬಿಟ್ಟು ಒಣಗಿಸಿ. ದೊಡ್ಡವರೇ ಕೈಗವಸು ತೊಟ್ಟು ಮಾಡುವ ಕೆಲಸ ಇದು. ಒಣಗಿದ ಮೇಲೆ ಒಂದು ತುಂಡನ್ನು ದೂರ ಒಯ್ದು ಬೆಂಕಿಕಡ್ಡಿ ಹಿಡಿದು ನೋಡಿ. ಕಡ್ಡಿ ತೆಗೆದ ಕೂಡಲೇ ಉರಿ ಆರಬೇಕು. ಆರದಿದ್ದರೆ ಮತ್ತೊಮ್ಮೆ ಅದ್ದಿ. ಈ ಉಪ್ಪು ನೀರಿನಲ್ಲಿ ಕರಗುವಂಥದ್ದು, ಚೆನ್ನಾಗಿ ಮಳೆ ಬಿದ್ದರೆ ತೊಳೆದುಹೋಗುತ್ತದೆ. ಇಬ್ಬನಿಗೆ ಅಷ್ಟು ಹೆದರಬೇಕಿಲ್ಲ.

ಪಿವಿಸಿ ಪೈಪು, ಮೇಲೆ ಶೇಡ್ ನೆಟ್

ಬೇಗ ಆಗುವುದು ಇದೇ. ಇಬ್ಬರು ಕೂಡಿದರೆ ಒಂದು ಮಧ್ಯಾಹ್ನದ ಕೆಲಸ, ಅಷ್ಟೇ ಬೇಗ ಬಿಚ್ಚಲೂಬಹುದು. 25 ಎಂಎಂ ಪೈಪು, 20 ಅಡಿಯವು ಎಂಟು: ಕಮಾನಿಗೆ 17 ಅಡಿಯಂತೆ ಐದು, ಮಿಕ್ಕ ಮೂರರಿಂದ ಅಡ್ಡಪಟ್ಟಿ. ಎರಡಡಿ ಉದ್ದದ 10 ಎಂಎಂ ಕಬ್ಬಿಣದ ಸರಳನ್ನು ಅರ್ಧ ನೆಲಕ್ಕೆ ಹೊಡೆದು, ಪೈಪಿನ ಬಾಯಿಯನ್ನು ಅದರ ಮೇಲೆ ಇಳಿಸಿದರೆ ಆಯಿತು. ವೈರಿಂಗ್‌ನ ಕಂಡ್ಯೂಟ್ ಪೈಪು ಅಗ್ಗವೆಂದು ತರಬೇಡಿ. ಅದು 10 ಅಡಿಯದ್ದು, ಜೋಡಣೆ ಸರಿಯಾಗಿ ನೆತ್ತಿಯ ಹತ್ತಿರ ಬಂದು ಅಲ್ಲೇ ಮುರಿಯುತ್ತದೆ. ಬಾಗಿಸುವ ಕೆಲಸ ಬಿಸಿಲೇರಿದ ಮೇಲೆ ಇರಲಿ. ಬೆಳಗಿನ ಚಳಿಯಲ್ಲಿ ಪಿವಿಸಿ ಬಿರುಸಾಗಿರುತ್ತದೆ.

ತೊಂದರೆ ಶುರುವಾಗುವುದು ಹೊದಿಕೆಯಲ್ಲಿ. ಬಣ್ಣ ಹೊಡೆದ ಹಸಿ ಗೋಣಿಯ ತೂಕಕ್ಕೆ ಈ ಕಮಾನು ನಡುವೆ ಕುಸಿಯುತ್ತದೆ. ಪೈಪಿನ ಮೈ ನುಣುಪಾದ್ದರಿಂದ ಗೋಣಿ ಜಾರಿ ಕೆಳಗೆ ಗುಡ್ಡೆಯೂ ಆಗುತ್ತದೆ. ಹಾಗಾಗಿ ನರ್ಸರಿಗೆ ಕಟ್ಟುವ ಶೇಡ್ ನೆಟ್ಟೇ ಗತಿ. ಅದು ಹಗುರ, ಇಬ್ಬನಿಗೂ ಜಗ್ಗುವುದಿಲ್ಲ. ಆದರೆ ಎಷ್ಟು ಅಲಂಕರಿಸಿದರೂ ಮೆಣಸಿನ ಸಸಿ ಮಡಿಯಂತೆಯೇ ಕಾಣುತ್ತದೆ, ಬಣ್ಣವೂ ಹಿಡಿಯುವುದಿಲ್ಲ. ಸರ್ವೆ ಅಥವಾ ಸಿಲ್ವರ್ ಓಕ್‌ನ ಹಸಿ ಕೊಂಬೆಗಳನ್ನು ಮೈತುಂಬ ಸಿಕ್ಕಿಸಿದರೆ ಸ್ವಲ್ಪ ಮುಚ್ಚಿಹೋಗುತ್ತದೆ. ಸಿಲ್ವರ್ ಓಕ್ ಎಲೆಯನ್ನು ಬೆನ್ನು ಮೇಲಾಗಿ ತಿರುಗಿಸಿ ಕಟ್ಟಿ, ಆ ಬೆಳ್ಳಿ ಬಣ್ಣದ ಮುಂದೆ ಕೊಂಡು ತಂದ ಹಿಮವೂ ಸಪ್ಪೆ. ಸಿಮೆಂಟ್ ನೆಲದ ಮೇಲೆ ಸರಳು ಹೊಡೆಯಲಾಗದು. ಅಲ್ಲಿ ಪೇಂಟಿನ ಬಕೆಟ್‌ಗೆ ಮರಳು ತುಂಬಿ ಪೈಪು ನಿಲ್ಲಿಸಬೇಕು, ಕಮಾನು ಹೊರಕ್ಕೆ ತಳ್ಳುವುದರಿಂದ ಎದುರುಬದುರು ಬಕೆಟ್‌ಗಳನ್ನು ನೆಲದ ಮಟ್ಟದಲ್ಲಿ ಹಗ್ಗದಿಂದ ಬಿಗಿಯಲೂ ಬೇಕು. ಹಗ್ಗಕ್ಕೆ ಕಾಲು ತೊಡರದಂತೆ ಮೇಲೆ ಜಮಖಾನ ಹಾಸಿ, ಅಂಚಿಗೆ ಟೇಪು ಹಚ್ಚಿ.

ತರಗತಿಯ ಮೂಲೆ, ಕಾಗದದ ಬಂಡೆ

ಮಳೆ ಮೋಡವಿದ್ದರೆ, ಅಥವಾ ಕೈಯಲ್ಲಿ ದುಡ್ಡೇ ಇಲ್ಲದಿದ್ದರೆ ಇದು. ಕೋಣೆಯ ಮೂಲೆಯಲ್ಲಿ ಎರಡು ಗೋಡೆ ಮೊದಲೇ ಸಿದ್ಧ. ಕಿಟಕಿ ಸರಳಿನಿಂದ ಸರಳಿಗೆ ಹಗ್ಗ ಎಳೆದು ಇನ್ನೆರಡು ಪಕ್ಕ ಇಳಿಬಿಟ್ಟರೆ ಮುಗಿಯಿತು. ಡೆಸ್ಕಿನ ಮೇಲೆ ಡೆಸ್ಕು ಪೇರಿಸಿ ಗುಡ್ಡ ಮಾಡುವ ಚಾಳಿ ಎಲ್ಲ ಕಡೆಯೂ ಇದೆ, ಒಂದು ಮಗು ಒರಗಿದರೆ ಸಾಕು, ಮಗುಚುತ್ತದೆ. ಡೆಸ್ಕು ನೆಲದ ಮೇಲೇ ಇರಲಿ, ಎತ್ತರ ಬೇಕಾದರೆ ಅದರ ಕಾಲಿಗೆ ಬಿದಿರು ಬಿಗಿಯಿರಿ.

ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರನ್ನು ಹಾಗೇ ತೂಗಿಬಿಟ್ಟರೆ ಕಟ್ಟಿದ ಕಡೆ ಹರಿಯುತ್ತದೆ. ಹಳೇ ಹತ್ತಿ ಸೀರೆಗೆ ಅಂಟಿಸಿ. ಐದೂವರೆ ಮೀಟರಿನ ಎರಡು ಸೀರೆಯನ್ನು ಉದ್ದುದ್ದ ಹೊಲಿದರೆ 18 ಅಡಿ ಅಗಲ, ಏಳಡಿ ಎತ್ತರದ ಗೋಡೆ. ಕಾಗದವನ್ನು ಮೊದಲು ಉಂಡೆ ಮಾಡಿ ಬಿಡಿಸಿ, ಒಂದು ಲೋಟ ಮೈದಾಕ್ಕೆ ಐದಾರು ಲೋಟ ನೀರು ಹಾಕಿ ಕುದಿಸಿದ ಅಂಟಿನಿಂದ ಹಚ್ಚಿ. ಸುಕ್ಕು ಉಳಿಯಬೇಕಾದ್ದರಿಂದ ಗೋಡೆಯ ಒಂದೂವರೆ ಪಟ್ಟು ಕಾಗದ ಬೇಕು. ಪೋಸ್ಟರ್ ಅಂಟಿಸುವವರು ಹುಳ ಬರದಿರಲೆಂದು ಮೈಲುತುತ್ತ ಬೆರೆಸುತ್ತಾರೆ. ತೋಟದ ಮನೆಗಳಲ್ಲಿ ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದದ್ದು ಇದ್ದೇ ಇರುತ್ತದೆ, ಆದರೂ ಅದು ವಿಷ, ಮಕ್ಕಳ ಕೈ ಹಾಕಿಸುವ ಅಂಟಿಗೆ ಬೇಡ. ಬೆರೆಸದಿದ್ದರೆ ಇಲಿ, ಜಿರಲೆ ಬರುವುದು ನಿಜ, ಹಾಗಾಗಿ ಮೇಳಕ್ಕೆ ಮೂರ್ನಾಲ್ಕು ದಿನ ಮುಂಚೆ ಹಚ್ಚಿದರೆ ಸಾಕು.

ಕಣ್ಣಿಗೆ ಚಂದವಾಗಿ ಕಾಣುವುದರಲ್ಲಿ ಮೂರರಲ್ಲೂ ಇದೇ ಮುಂದು. ಆದರೆ ಕೋಣೆಯ ಹೊರಗೆ ತಂದರೆ ಒಂದೇ ರಾತ್ರಿ. ಚಿಕ್ಕಮಗಳೂರಿನ ಇಬ್ಬನಿಗೆ ಕಾಗದ ಮೆತ್ತಗಾಗಿ, ಅಂಟು ಬಿಟ್ಟು, ಬೆಳಗ್ಗೆ ಸೀರೆ ಮಾತ್ರ ನೇತಾಡುತ್ತಿರುತ್ತದೆ. ಬೆಂಕಿಯ ವಿಷಯದಲ್ಲೂ ಇದೇ ಎಲ್ಲಕ್ಕಿಂತ ಕೆಟ್ಟದ್ದು.

ಥರ್ಮೋಕೋಲ್ ಹೋಲಿಕೆಗೇ ಬರುವುದಿಲ್ಲ. ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಗೋಣಿಯನ್ನು ಸಿಮೆಂಟ್ ಹಾಲಿನಲ್ಲಿ ಅದ್ದಿ ಕಟ್ಟುವುದು ಚರ್ಚಿನ ಅಂಗಳದಲ್ಲಿ ಕಾಯಂ ಆಗಿ ನಿಲ್ಲುವ ಗವಿಗೆ ಸರಿ, ಎರಡು ದಿನದ ಮೇಳಕ್ಕೆ ಅಲ್ಲ.

ದೀಪದ ಲೆಕ್ಕ ಮೂರಕ್ಕೂ ಒಂದೇ. ಮೇಣದಬತ್ತಿ ಬೇಡ. ಅಗ್ಗದ ಸೀರಿಯಲ್ ಸೆಟ್ ನೇರ 230 ವೋಲ್ಟಿನ ಮೇಲೆ ಓಡುತ್ತದೆ, ತಂತಿಯ ಹೊದಿಕೆಯೂ ತೆಳು, ಹಾಗಾಗಿ ಅದು ಗವಿಯ ಹೊರಗೆ, ಆರಡಿಗಿಂತ ಮೇಲೆ ಮಾತ್ರ. ಪ್ಲಗ್ಗಿನ ಜೋಡಣೆ ಹುಲ್ಲಿನ ಮೇಲೆ ಬಿದ್ದಿರಬಾರದು. ಒಳಗೆ ಮಕ್ಕಳ ಕೈಗೆ ಸಿಗುವಲ್ಲಿ 5 ವೋಲ್ಟಿನ ಯುಎಸ್‌ಬಿ ದೀಪದ ಸರ ಹಾಕಿ ಪವರ್ ಬ್ಯಾಂಕಿಗೆ ಸಿಕ್ಕಿಸಿ. ಒಂದೇ ಸರ ಹಾಕಿದರೆ ಎಷ್ಟೋ ಪವರ್ ಬ್ಯಾಂಕುಗಳು ಏನೂ ಸಿಕ್ಕಿಸಿಲ್ಲವೆಂದುಕೊಂಡು ತಾವೇ ಆಫ್ ಆಗುತ್ತವೆ. ಎರಡು ಮೂರು ಸರ ಒಟ್ಟಿಗೆ ಹಾಕಿದರೆ ನಿಲ್ಲುತ್ತದೆ. ಭತ್ತದ ಹುಲ್ಲು ಈ ಕಾಲದಲ್ಲಿ ಧಾರಾಳ, ಆದರೂ ನೆಲಕ್ಕೆ ಹಾಸಬೇಡಿ, ಜಾರುತ್ತದೆ. ಬಾಗಿಲ ಹೊರಗೆ ಒಂದು ಬಕೆಟ್ ಮರಳು, ಒಂದು ಬಕೆಟ್ ನೀರು. ತಂತಿ ಹೊತ್ತಿಕೊಂಡರೆ ಮೊದಲು ಸ್ವಿಚ್ಚು ಆರಿಸಿ, ಮರಳನ್ನೇ ಹಾಕಬೇಕು. ಹಾಗಾಗಿ ಸ್ವಿಚ್ಚಿನ ಹತ್ತಿರ ದೊಡ್ಡವರೊಬ್ಬರು ಇರಲಿ.

ಮುಂದಿನ ವರ್ಷಕ್ಕೆ ಉಳಿಯುವುದು ಪೈಪು, ಆಮೇಲೆ ಗೋಣಿ. ಗೋಣಿಯನ್ನು ಮಡಚಬೇಡಿ, ಮಡಚಿದ ಗೆರೆಯಲ್ಲಿ ಬಣ್ಣ ಉದುರುತ್ತದೆ. ಬಿಸಿಲಿಗೆ ಒಣಹಾಕಿ, ಸುರುಳಿ ಸುತ್ತಿ, ಅಟ್ಟದ ಮೇಲೆ ಇಲಿಗೆ ಸಿಗದಂತೆ ತಂತಿಗೆ ತೂಗುಹಾಕಿ. ಬಿದಿರು ದಬ್ಬೆ ಶಾಲೆಯ ಕೈತೋಟದ ಅವರೆ ಬಳ್ಳಿಗೆ ಆಗುತ್ತದೆ.