ಪದ್ಮಿನಿಗೆ ಯಾವ ಕಾರ್ಬ್ಯುರೇಟರ್? ಹಳೇ ಸೋಲೆಕ್ಸ್, ಹೊಸ ಸೋಲೆಕ್ಸ್, ಮಾರುತಿ ಮಿಕುನಿ

ಹಳೇ ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಕಾರ್ಬ್ಯುರೇಟರ್ ಮಾತು, ಅಂದರೆ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗದ ಮಾತು, ಬಂದೇ ಬರುತ್ತದೆ. ಮಾರುತಿ 800ರದ್ದು ಹಾಕಿಸಿ, ತಲೆನೋವೇ ಇರಲ್ಲ ಅನ್ನುತ್ತಾರೆ ಒಬ್ಬರು. ಒರಿಜಿನಲ್ ಬಿಟ್ಟು ಬೇರೆ ಮುಟ್ಟಲೇಬೇಡಿ ಅನ್ನುತ್ತಾರೆ ಇನ್ನೊಬ್ಬರು. ನಾನು ಮೂರು ಬಗೆಯನ್ನೂ ನನ್ನ ಗಾಡಿಯಲ್ಲಿ ಓಡಿಸಿ ನೋಡಿದೆ. ಈಗ ಬಾನೆಟ್ ಕೆಳಗೆ ಇರುವುದು ಹಳೇ ಸೋಲೆಕ್ಸೇ.

ಪದ್ಮಿನಿಯದು 1089 ಸಿಸಿ ಎಂಜಿನ್. ಅದಕ್ಕೆ ಬರುತ್ತಿದ್ದದ್ದು ಸೋಲೆಕ್ಸ್ ಕಂಪನಿಯ 32 ಪಿಬಿಐಸಿ ಕಾರ್ಬ್ಯುರೇಟರ್. 32 ಅಂದರೆ ಮಿಶ್ರಣ ಎಂಜಿನ್‌ಗೆ ಹೋಗುವ ಥ್ರಾಟಲ್ ಬಾಯಿ 32 ಮಿ.ಮೀ. ನನ್ನದರ ಕಾಯಿಲೆ ಮಾಮೂಲಿಯದು. ಸಿಗ್ನಲ್‌ನಲ್ಲಿ ನಿಂತರೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನಕ್ಕೆ ಓಡುವುದು, ಒಂದೇ ಸಮ ಇರುತ್ತಿರಲಿಲ್ಲ, ಸ್ಕ್ರೂ ಎಷ್ಟು ತಿರುಗಿಸಿದರೂ ಅಷ್ಟೇ.

ಮೊದಲು ಸುಲಭದ ದಾರಿ ಹಿಡಿದೆ, ಅಂಗಡಿಯಿಂದ ಹೊಸ ಸೋಲೆಕ್ಸ್ ಮಾದರಿಯದನ್ನು ತಂದೆ. ಕಂಪನಿ ಹೆಸರು ಬೇಡ, ಪೆಟ್ಟಿಗೆ ಮಾತ್ರ ಚೆನ್ನಾಗಿತ್ತು. ಮೇಲೆ ಥಳಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಥೇಟ್ ಹಾಗೆ. ಮುಚ್ಚಳವನ್ನು ಗಾಜಿನ ಮೇಲೆ ಇಟ್ಟರೆ ಒಂದು ಮೂಲೆ ಎದ್ದು ಕುಣಿಯುತ್ತಿತ್ತು. ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ಜೆಟ್ ಮೇಲೆ ಬರೆದ ನಂಬರು ಒಂದು, ಒಳಗಿನ ತೂತು ಇನ್ನೊಂದು. ಗಾಡಿ ಸ್ಟಾರ್ಟ್ ಆಗುತ್ತಿತ್ತು, ಓಡುತ್ತಲೂ ಇತ್ತು, ಆದರೆ ಸೈಲೆನ್ಸರ್ ತುದಿ ಸದಾ ಕಪ್ಪು ಮಸಿ, ಅಂದರೆ ಪೆಟ್ರೋಲ್ ಹೆಚ್ಚು ಹೋಗುತ್ತಿತ್ತು. ಬಿಚ್ಚಿ ಪಕ್ಕಕ್ಕಿಟ್ಟೆ.

ಆಮೇಲೆ ಮಾರುತಿಯದು. ಶಿವಾಜಿನಗರದ ಗುಜರಿಯಲ್ಲಿ ಒಳ್ಳೆಯ ಪೀಸ್ ಸಿಕ್ಕಿತು. ತಮಾಷೆ ಅಂದರೆ ಇದೇನು ಪೂರ್ತಿ ಪರಕೀಯ ಅಲ್ಲ. ಮಾರುತಿಯದು ಮಿಕುನಿ ಮಾದರಿ, ಜಪಾನಿನ ಆ ಮಿಕುನಿ ಹಿಂದೆ ಸೋಲೆಕ್ಸ್ ಪರವಾನಗಿಯಲ್ಲೇ ಕಾರ್ಬ್ಯುರೇಟರ್ ಮಾಡಿದ ಕಂಪನಿ. ಆದರೆ ಇದನ್ನು ಕೂರಿಸುವುದು ಸಲೀಸಲ್ಲ. ಬೋಲ್ಟ್ ತೂತುಗಳು ಸೇರುವುದಿಲ್ಲ, ನಡುವೆ ಅಲ್ಯುಮಿನಿಯಂ ಪ್ಲೇಟ್ ಮಾಡಿಸಬೇಕು. ಆಕ್ಸಿಲರೇಟರ್ ಜೋಡಣೆ ಬೇರೆ, ಏರ್ ಫಿಲ್ಟರ್ ಬೇರೆ. ಐಡ್ಲಿಂಗ್ ಪೆಟ್ರೋಲನ್ನು ತಡೆಯುವ ಸೊಲೆನಾಯ್ಡ್ (ಕರೆಂಟ್‌ನಿಂದ ತೆರೆಯುವ ವಾಲ್ವ್) ಒಂದಿದೆ, ಅದಕ್ಕೆ ಇಗ್ನಿಷನ್‌ನಿಂದ ವೈರ್ ಎಳೆಯಬೇಕು. ಅದು ಮರೆತರೆ ಗಾಡಿ ಐಡ್ಲಿಂಗಿಗೇ ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಊರೊಳಗೆ ನಿಜವಾಗಿ ಚೆನ್ನಾಗಿತ್ತು. ಐಡ್ಲಿಂಗ್ ಮೆತ್ತಗೆ, ಪೆಟ್ರೋಲೂ ಉಳಿಯಿತು. ನಂದಿ ಬೆಟ್ಟದ ತಿರುವುಗಳಲ್ಲಿ ಬಣ್ಣ ಬಯಲಾಯಿತು. ನಾಲ್ಕು ಜನ ಕೂತು ಎರಡನೇ ಗೇರಿನಲ್ಲಿ ಒತ್ತಿದರೆ ನಡುವೆ ಒಂದು ಕಡೆ ಎಂಜಿನ್ ಉಸಿರು ಕಟ್ಟಿದ ಹಾಗೆ ಮುಗ್ಗರಿಸುತ್ತಿತ್ತು. 796 ಸಿಸಿಯ ಮೂರು ಸಿಲಿಂಡರ್‌ಗೆ ಅಳೆದು ಇಟ್ಟ ಜೆಟ್ ಅಲ್ವಾ ಅದು. ಜೆಟ್ ದೊಡ್ಡದು ಮಾಡಿದರೆ ಬೆಟ್ಟ ಹತ್ತುತ್ತದೆ, ಉಳಿದ ಪೆಟ್ರೋಲ್ ಮತ್ತೆ ಹೋಗುತ್ತದೆ. ಹಾಗಾದರೆ ಇಷ್ಟು ಕಷ್ಟ ಯಾಕೆ?

ಕೊನೆಗೆ ಹಳೆಯದನ್ನೇ ಬಿಚ್ಚಿದೆ. ರಿಪೇರಿ ಕಿಟ್ ಅಂದರೆ ಗಾಸ್ಕೆಟ್, ಡಯಾಫ್ರಾಮ್, ನೀಡಲ್ ವಾಲ್ವ್, ಇಷ್ಟೇ. ಬಹಳ ಜನ ಇಷ್ಟು ಬದಲಾಯಿಸಿ 'ಸರ್ವಿಸ್ ಆಯ್ತು' ಅನ್ನುತ್ತಾರೆ. ರೋಗ ಇರುವುದು ಥ್ರಾಟಲ್ ಸ್ಪಿಂಡಲ್‌ನಲ್ಲಿ, ಅಂದರೆ ಥ್ರಾಟಲ್ ಬಾಯಿ ತೆರೆದು ಮುಚ್ಚುವ ಬಟರ್‌ಫ್ಲೈ ತಗಡು ಕೂತಿರುವ ಕಡ್ಡಿಯಲ್ಲಿ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಸ್ಪಿಂಡಲ್ ಹೊರಬರುವ ಜಾಗಕ್ಕೆ ಒಂದು ಹನಿ ಎಣ್ಣೆ ಬಿಡಿ. ಎಣ್ಣೆ ಸರ್ರನೆ ಒಳಗೆ ಹೋಗಿ ಎಂಜಿನ್ ಸದ್ದು ಬದಲಾದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ ಅಂತ ಅರ್ಥ. ನನ್ನದರಲ್ಲಿ ಕೈಯಲ್ಲಿ ಅಲ್ಲಾಡಿಸಿದರೇ ಗೊತ್ತಾಗುವಷ್ಟು ಸವೆದಿತ್ತು.

ಲೇತ್ ಕೆಲಸದವರು ಬಾಡಿಯ ತೂತು ಕೊರೆದು ಹಿತ್ತಾಳೆ ಬುಶ್ (ಒಳಬಳೆ) ಹಾಕಿ ಹೊಸ ಸ್ಪಿಂಡಲ್ ಕೂರಿಸಿದರು. ಎರಡು ಕಡೆಯ ತೂತೂ ಒಂದೇ ನೇರದಲ್ಲಿರಬೇಕು, ಇಲ್ಲದಿದ್ದರೆ ಬಟರ್‌ಫ್ಲೈ ಪೂರ್ತಿ ಮುಚ್ಚುವುದಿಲ್ಲ. ಬಟರ್‌ಫ್ಲೈನ ಎರಡು ಸ್ಕ್ರೂಗಳನ್ನು ಹೊಸದಾಗಿ ಹಾಕಿ ಹಿಂಬದಿ ತುದಿ ಜಜ್ಜಿಸಿ. ಸಡಿಲವಾಗಿ ಬಿದ್ದರೆ ನೇರ ಎಂಜಿನ್ ಒಳಗೇ ಹೋಗುವುದು. ಜೆಟ್‌ಗಳಿಗೆ ತಂತಿ ತೂರಿಸಬೇಡಿ, ಗಾಳಿ ಹೊಡೆದರೆ ಸಾಕು. ಒಳಗೆ ಪೆಟ್ರೋಲ್ ಮೇಲೆ ತೇಲುವ ಫ್ಲೋಟನ್ನು ಬಿಸಿನೀರಲ್ಲಿ ಮುಳುಗಿಸಿ, ಗುಳ್ಳೆ ಬಂದರೆ ತೂತಾಗಿದೆ.

ಸೋಲೆಕ್ಸ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಸ್ಟಾರ್ಟರ್, ಅಂದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಕಾರ್ಬ್ಯುರೇಟರ್‌ನಲ್ಲೇ ಇರುವ ಏರ್ಪಾಡು. ಮಾರುತಿಯದರಲ್ಲಿ ಚೋಕ್ ಎಳೆದರೆ ಒಂದು ತಗಡು ಗಾಳಿಯ ದಾರಿ ಮುಚ್ಚುತ್ತದೆ. ಇಲ್ಲಿ ಹಾಗಲ್ಲ, ತೂತುಗಳಿರುವ ಚಪ್ಪಟೆ ಡಿಸ್ಕ್ ತಿರುಗಿ ಪೆಟ್ರೋಲ್ ಹೆಚ್ಚಿರುವ ಮಿಶ್ರಣವನ್ನು ಬೇರೆ ದಾರಿಯಲ್ಲೇ ಕೊಡುತ್ತದೆ. ಡಿಸೆಂಬರ್ ಬೆಳಗ್ಗೆಯೂ ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಆಗುತ್ತದೆ.

ದುಡ್ಡಿನ ಲೆಕ್ಕದಲ್ಲಿ ಲೇತ್ ಕೆಲಸ ಸೇರಿಸಿದರೂ ಹಳೆಯದೇ ಅಗ್ಗ. ಮಾರುತಿಯದಕ್ಕೆ ಪ್ಲೇಟು, ಕೇಬಲ್ಲು, ಫಿಲ್ಟರು ಅಂತ ಖರ್ಚು ಬೆಳೆಯುತ್ತಲೇ ಹೋಯಿತು. ಹಳೇ ಬಾಡಿ ಬಿರುಕು ಬಿಟ್ಟಿದ್ದರೆ, ಅಥವಾ ಗಾಡಿ ಊರೊಳಗೇ ಓಡಾಡುವುದಾದರೆ ಮಾರುತಿಯದು ಹಾಕಿಸಿ, ಬೇಡ ಅನ್ನಲ್ಲ. ಡೂಪ್ಲಿಕೇಟ್ ಹೊಸದಂತೂ ಸುಮ್ನೆ ದಂಡ.

ಯಾವುದೇ ಹಾಕಿದರೂ ಈಗಿನ ಪೆಟ್ರೋಲ್ ಲೆಕ್ಕಕ್ಕೆ ತೆಗೆದುಕೊಳ್ಳಿ. 20% ಎಥನಾಲ್ ಇದ್ದರೆ ಹಳೇ ರಬ್ಬರ್ ಬೇಗ ಹಾಳಾಗುತ್ತದೆ, ಮಿಶ್ರಣವೂ ತೆಳುವಾಗುತ್ತದೆ. ನಾನು ಮೇನ್ ಜೆಟ್ ಒಂದು ಸೈಜ್ ಏರಿಸಿದ್ದೇನೆ, ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿದ್ದೇನೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಈಗ ತೆಳು ಕಂದು ಬಣ್ಣ, ಅಂದರೆ ಮಿಶ್ರಣ ಸರಿಯಾಗಿದೆ.